ಈ ಶುಕ್ರವಾರ ಬಸ್ ಹತ್ತಬೇಡಿ

ಶುಕ್ರವಾರ ರಾತ್ರಿ ಒಂಬತ್ತು ದಾಟಿದ ಮೇಲೆ ಬೆಂಗಳೂರಿನ ಆನಂದರಾವ್ ಸರ್ಕಲ್ ಕಡೆ ಒಮ್ಮೆ ಹೋಗಿ ನೋಡಿ. ಶಿವಮೊಗ್ಗ, ಹುಬ್ಬಳ್ಳಿ, ಕುಂದಾಪುರ, ಕಲಬುರಗಿ, ಶಿರಸಿ ಅಂತ ಬೋರ್ಡು ಹಾಕಿಕೊಂಡ ಸ್ಲೀಪರ್ ಬಸ್ಸುಗಳು ಸಾಲುಗಟ್ಟಿರುತ್ತವೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ವಾರದ ಕೊಳೆ ಬಟ್ಟೆಯ ಚೀಲ ಹಿಡಿದ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು ಫೋನಿನಲ್ಲಿ ಡ್ರೈವರ್ ಜೊತೆ ‘ಅಣ್ಣಾ, ಎಲ್ಲಿದೀರ, ಗಾಡಿ ನಂಬರ್ ಹೇಳಿ’ ಎಂದು ಕೂಗುತ್ತಿರುತ್ತಾರೆ. ಸೋಮವಾರ ನಸುಕಿನಲ್ಲಿ ಅದೇ ಬಸ್ಸುಗಳು ಅದೇ ಮಂದಿಯನ್ನು ಗೊರಗುಂಟೆಪಾಳ್ಯದಲ್ಲೋ ಯಶವಂತಪುರದಲ್ಲೋ ಇಳಿಸಿ ಹೋಗುತ್ತವೆ. ಈಗ ಚೀಲದಲ್ಲಿ ಒಗೆದ ಬಟ್ಟೆ, ಚಟ್ನಿಪುಡಿ ಡಬ್ಬಿ, ಹಳೆಯ ಪೇಪರಿನಲ್ಲಿ ಸುತ್ತಿದ ತೆಂಗಿನಕಾಯಿ.

ಇವರಲ್ಲಿ ಯಾರನ್ನೇ ಮಾತಿಗೆಳೆಯಿರಿ, ಸ್ವಲ್ಪ ಹೊತ್ತಿಗೆ ಆ ಮಾತು ಬರುತ್ತದೆ: ‘ಬಂದು ಎರಡು ವರ್ಷ ಆಯ್ತು ಸರ್. ಆಫೀಸಿನವರನ್ನ ಬಿಟ್ರೆ ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ.’ ಊರಿಗೆ ಜಂಬ ಜಾಸ್ತಿ, ಇಲ್ಲಿನವರಿಗೆ ಪುರುಸೊತ್ತಿಲ್ಲ, ನನಗೇ ಬೆರೆಯೋಕೆ ಬರಲ್ಲ ಎಂದು ಕಾರಣಗಳನ್ನೂ ಕೊಡುತ್ತಾರೆ. ಇರಬಹುದು. ಆದರೆ ನನಗೆ ಅನುಮಾನ ಆ ಬಸ್ಸಿನ ಮೇಲೆ. ಗೆಳೆತನಕ್ಕೆ ಬೇಕಾದ ಹೊತ್ತನ್ನೆಲ್ಲ ಅದು ಹೊತ್ತುಕೊಂಡು ಹೋಗುತ್ತಿದೆ.

ಎಷ್ಟು ಹೊತ್ತು ಬೇಕು ಎಂಬುದನ್ನು ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು, ಊರು ಬದಲಿಸಿ ಆರು ತಿಂಗಳೂ ತುಂಬದ, ಹೊಸ ಗೆಳೆಯರಿಗಾಗಿ ಹುಡುಕುತ್ತಿದ್ದ 355 ಮಂದಿಯನ್ನು ಮಾತಾಡಿಸಿ, ಯಾರ ಜೊತೆ ಎಷ್ಟು ಗಂಟೆ ಕಳೆದಿರಿ, ಈಗ ಅವರು ನಿಮಗೆ ಏನಾಗಿದ್ದಾರೆ ಎಂದು ಕೇಳಿದರು. 2018ರಲ್ಲಿ ಹೊರಬಿದ್ದ ಲೆಕ್ಕ ಹೀಗಿದೆ: ಬರೀ ಮುಖಪರಿಚಯದವರು ಹಗುರ ಸ್ನೇಹಿತರಾಗಲು ಹೆಚ್ಚುಕಡಿಮೆ 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಮಿಕ್ಕಿ. ಇನ್ನೊಂದು ವಿಷಯವನ್ನೂ ಅವರು ಗಮನಿಸಿದ್ದರು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಈ ಲೆಕ್ಕದಲ್ಲಿ ಅಂಥ ತೂಕವಿಲ್ಲ. ಕೆಲಸ ಮುಗಿದ ಮೇಲೆ ಹರಟುತ್ತ, ತಿನ್ನುತ್ತ, ಆಡುತ್ತ ಕಳೆದ ಹೊತ್ತೇ ಲೆಕ್ಕಕ್ಕೆ ಬರುವುದು. ದಿನಕ್ಕೆ ಎಂಟು ಗಂಟೆ ಪಕ್ಕದಲ್ಲೇ ಕೂತ ಸಹೋದ್ಯೋಗಿ ಕಂಪನಿ ಬಿಟ್ಟ ವಾರಕ್ಕೇ ಮರೆತುಹೋಗುವುದು ಯಾಕೆ ಎಂಬ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರವಿದೆ.

ಸ್ನೇಹಕ್ಕೆ ಗಡಿಯಾರ ಕಟ್ಟುವುದು ನಗೆಪಾಟಲು ಅನ್ನಿಸಬಹುದು. ಇಪ್ಪತ್ತು ನಿಮಿಷದ ರೈಲು ಪ್ರಯಾಣದಲ್ಲಿ ಸಿಕ್ಕು ಜೀವಮಾನದ ಗೆಳೆಯರಾದವರಿಲ್ಲವೇ? ಇದ್ದಾರೆ. ಲಾಟರಿ ಹೊಡೆದವರೂ ಇದ್ದಾರೆ. ಆದರೆ ವೈಟ್‌ಫೀಲ್ಡಿನ ಪಿಜಿಯಲ್ಲಿರುವ ಹುಡುಗಿಯ ವಾರವನ್ನು ಬಿಡಿಸಿ ನೋಡಿ. ಆಫೀಸಿಗೆ ಒಂಬತ್ತು ಗಂಟೆ, ರಸ್ತೆಗೆ ಎರಡೋ ಮೂರೋ. ಉಳಿದದ್ದು ಊಟ, ಸ್ನಾನ, ಅಮ್ಮನಿಗೆ ಫೋನು, ನಿದ್ದೆ. ಗೆಳೆತನಕ್ಕೆ ಕೊಡಬಹುದಾದ ಹೊತ್ತು ಇರುವುದು ಶನಿವಾರ, ಭಾನುವಾರ. ಅವೆರಡು ದಿನವೂ ಅವಳು ಊರಲ್ಲಿ. ಹೀಗಾದರೆ 50 ಗಂಟೆ ತುಂಬುವುದು ಎಂದಿಗೆ? ಅವಳು ಬೆಂಗಳೂರಿಗೆ ಬಂದಿರುವುದು ನಿಜ, ಇಳಿದಿಲ್ಲ ಅಷ್ಟೇ.

ಊರಿಗೆ ಹೋಗಬೇಡಿ ಎಂದು ಹೇಳಿ ಅಮ್ಮಂದಿರ ಶಾಪಕ್ಕೆ ಗುರಿಯಾಗುವ ಧೈರ್ಯ ನನಗಿಲ್ಲ. ತಿಂಗಳಿಗೆ ಎರಡು ಶನಿವಾರವಾದರೂ ಇಲ್ಲೇ ಉಳಿಯಿರಿ ಎಂದಷ್ಟೇ ನನ್ನ ಮಾತು. ಭಾನುವಾರದ ಸಂಜೆ ಮಾತ್ರ ಕಷ್ಟ, ಒಪ್ಪುತ್ತೇನೆ. ಎಷ್ಟೋ ಪಿಜಿಗಳಲ್ಲಿ ಆ ರಾತ್ರಿ ಅಡುಗೆಯವರಿಗೆ ರಜೆ. ರೂಮ್‌ಮೇಟ್ ಊರಿಗೆ ಹೋಗಿರುತ್ತಾಳೆ, ಕಾರಿಡಾರಿನ ಟ್ಯೂಬ್‌ಲೈಟು ಮಿಣುಕುತ್ತಿರುತ್ತದೆ, ಹೊರಗಡೆಯಿಂದ ತರಿಸಿದ ಗೋಬಿ ಮಂಚೂರಿ ಹಾಸಿಗೆಯ ಮೇಲೆ ತಣ್ಣಗಾಗುತ್ತಿರುತ್ತದೆ. ಮುಂದಿನ ವಾರದ ಬಸ್ ಟಿಕೆಟ್ ಬುಕ್ ಆಗುವುದು ಬಹುಶಃ ಆ ಗಳಿಗೆಯಲ್ಲೇ.

ಹೊತ್ತಿನಷ್ಟೇ ಮುಖ್ಯವಾದದ್ದು ಜಾಗ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸೈನ್ಯದಿಂದ ಮರಳಿ ಓದಲು ಬಂದ ವಿವಾಹಿತ ವಿದ್ಯಾರ್ಥಿಗಳಿಗೆಂದು ಅಮೆರಿಕದ ಎಂಐಟಿ ಸಂಸ್ಥೆ ಮನೆಗಳನ್ನು ಕಟ್ಟಿಸಿತು. ಯಾರಿಗೆ ಯಾವ ಮನೆ ಎಂಬುದರಲ್ಲಿ ಅವರ ಆಯ್ಕೆ ಹೆಚ್ಚೇನೂ ಇರಲಿಲ್ಲ. ಅಲ್ಲಿ ಯಾರಿಗೆ ಯಾರು ಗೆಳೆಯರಾದರು ಎಂದು ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಲೆಕ್ಕ ಹಾಕಿ 1950ರಲ್ಲಿ ಪುಸ್ತಕ ಮಾಡಿದರು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದವರು ನೂರಕ್ಕೆ 41. ಒಂದು ಮನೆ ಬಿಟ್ಟು ಆಚೆಯವರಾದರೆ 22. ಮಹಡಿಯ ಆ ಕೊನೆಯವರಾದರೆ 10. ನಡುವಿನ ದೂರ ಎಷ್ಟೆಂದು ನೋಡಿದರೆ ಕೆಲವೇ ಹೆಜ್ಜೆ! ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು. ಹತ್ತುವವರು, ಇಳಿಯುವವರು, ಕಾಗದ ತೆಗೆದುಕೊಳ್ಳಲು ಬರುವವರು ಎಲ್ಲರೂ ಅವರ ಬಾಗಿಲ ಮುಂದೆಯೇ ಹಾಯಬೇಕಿತ್ತಲ್ಲ.

ನಮಗೆ ಇದನ್ನು ಎಂಐಟಿ ಹೇಳಿಕೊಡಬೇಕಾಗಿರಲಿಲ್ಲ. ಚಾಮರಾಜಪೇಟೆಯ, ಮಲ್ಲೇಶ್ವರದ ವಠಾರಗಳಲ್ಲಿ ಬೆಳೆದವರನ್ನು ಕೇಳಿದ್ದರೆ ಸಾಕಿತ್ತು. ಒಂದೇ ನಲ್ಲಿ, ಒಂದೇ ಬಚ್ಚಲು, ಬಟ್ಟೆ ಒಣಹಾಕಲು ಒಂದೇ ತಂತಿ. ನೀರು ಬಿಡುವ ಹೊತ್ತಿಗೆ ಎಲ್ಲರ ಕೊಡವೂ ಅಲ್ಲೇ. ಜಗಳ ಹುಟ್ಟುತ್ತಿದ್ದುದು ಅಲ್ಲಿ, ಮದುವೆಯ ಮಾತುಕತೆ ಕುದುರುತ್ತಿದ್ದುದೂ ಅಲ್ಲಿ. ಹೊಸದಾಗಿ ಬಾಡಿಗೆಗೆ ಬಂದವಳ ಹೆಸರು, ಗಂಡನ ಸಂಬಳ, ತವರೂರು ಮೂರನೇ ದಿನಕ್ಕೆ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಮನೆಗೂ ನಾಲ್ಕು ನಲ್ಲಿ. ನೆರೆಯವರು ಸಿಕ್ಕುವುದು ಲಿಫ್ಟಿನಲ್ಲಿ, ಅದೂ ಬೇಸ್‌ಮೆಂಟಿನಿಂದ ಏಳನೇ ಮಹಡಿಯವರೆಗೆ. ಅಷ್ಟರಲ್ಲಿ ಒಬ್ಬರು ಫೋನು ನೋಡುತ್ತಾರೆ, ಇನ್ನೊಬ್ಬರು ಮಹಡಿಯ ನಂಬರು ನೋಡುತ್ತಾರೆ. ವಠಾರ ವಾಪಸು ಬರಲಿ ಎಂದು ನಾನು ಹಂಬಲಿಸುವವನಲ್ಲ. ಬಚ್ಚಲಿಗೆ ಸಾಲು ನಿಂತವರಾರೂ ಹಾಗೆ ಹಂಬಲಿಸಲಾರರು. ಅಲ್ಲಿ ಪರಿಚಯ ತಾನಾಗಿಯೇ ಆಗುತ್ತಿತ್ತು, ಇಲ್ಲಿ ನಾವಾಗಿಯೇ ಮಾಡಿಕೊಳ್ಳಬೇಕು.

ಪರಊರಿಗೆ ಬಂದವನನ್ನು ಹತ್ತು ಜನಕ್ಕೆ ಗುರುತಾಗಿಸುವ ಏರ್ಪಾಡುಗಳು ನಮ್ಮಲ್ಲಿ ಇನ್ನೂ ಹಲವಿದ್ದವು. ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಬಡ ಹುಡುಗ ಮೊದಲು ಹುಡುಕುತ್ತಿದ್ದುದು ವಾರದ ಮನೆಗಳನ್ನು. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಒಂದು ವಾರ ಸಿಗದಿದ್ದರೆ ಅಂದು ಉಪವಾಸ. ಅನ್ನದ ಹಂಗು ಎಷ್ಟು ಕಹಿ ಎಂಬುದನ್ನು ವಾರಾನ್ನ ಉಂಡವರೇ ಬರೆದಿದ್ದಾರೆ. ಎಲೆಯ ಮುಂದೆ ಕೂತಾಗಿನ ಸಂಕೋಚ, ಎರಡನೇ ಸಲ ಅನ್ನ ಕೇಳಲು ನಾಚಿಕೆ, ಮನೆಯೊಡತಿಯ ಮುಖದ ಬಣ್ಣ ಓದಿಕೊಳ್ಳುವ ಅಭ್ಯಾಸ, ಎಲ್ಲವೂ ನಿಜ. ಹಾಗಿದ್ದೂ ಆ ಹುಡುಗ ಒಂದು ಚಳಿಗಾಲ ಕಳೆಯುವುದರೊಳಗೆ ಏಳು ಬೀದಿಗಳಿಗೆ ಪರಿಚಿತನಾಗಿರುತ್ತಿದ್ದ. ಪರೀಕ್ಷೆ ಬಂತೆಂದು ವಿಚಾರಿಸುವವರು, ಹಳೆಯ ಕೋಟು ಕೊಡುವವರು, ಮುಂದೆ ಗುಮಾಸ್ತಿಕೆಗೆ ಶಿಫಾರಸು ಮಾಡುವವರು ಆ ಏಳು ಮನೆಗಳಿಂದಲೇ ಹೊರಡುತ್ತಿದ್ದರು.

ಆಮೇಲೆ ಛತ್ರಗಳು, ವಿದ್ಯಾರ್ಥಿನಿಲಯಗಳು ಬಂದವು. ಬೆಂಗಳೂರು ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರದ್ದು. ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿ ಉಳಿದು ಓದಿದವರ ಸಂಖ್ಯೆಗೆ ಲೆಕ್ಕವಿಲ್ಲ. ಗೌರಿಬಿದನೂರಿನ ಹೊಸೂರಿನಿಂದ 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದ ಎಚ್. ನರಸಿಂಹಯ್ಯನವರು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಕುಲಪತಿಯಾದ ಮೇಲೂ ಅವರ ವಾಸ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ. ಮಲೆನಾಡಿನಿಂದ ಮೈಸೂರಿಗೆ ಬಂದ ಕುವೆಂಪು ಕಾಯಿಲೆ ಬಿದ್ದಾಗ ಅವರನ್ನು ಆಶ್ರಮಕ್ಕೆ ಕರೆದೊಯ್ದು ನೋಡಿಕೊಂಡವರು ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು. ಕಾಯಿಲೆಯ ಮಾತು ಬಂದಿದ್ದರಿಂದ ಹೇಳುತ್ತಿದ್ದೇನೆ: ಹೊಸ ಊರಿನಲ್ಲಿ ನಿಮಗೆ ಯಾರಿದ್ದಾರೆ ಎಂದು ತಿಳಿಯುವುದು ಅಲ್ಲಿ ಬರುವ ಮೊದಲ ಜ್ವರದಲ್ಲಿ. ಆಸ್ಪತ್ರೆಯ ಫಾರಂನಲ್ಲಿ ‘ಸ್ಥಳೀಯ ಸಂಪರ್ಕ’ ಎಂಬ ಕಾಲಂ ಇರುತ್ತದೆ. ನಾನೂರು ಕಿಲೋಮೀಟರ್ ಆಚೆಯ ಅಪ್ಪನ ನಂಬರನ್ನು ಅಲ್ಲಿ ಬರೆದರೆ ಕೌಂಟರಿನವರು ತಲೆಯೆತ್ತಿ ‘ಇಲ್ಲಿ ಯಾರೂ ಇಲ್ವಾ?’ ಅನ್ನುತ್ತಾರೆ.

ಹಳೆಯದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ವಾರದ ಮನೆ ಸಿಗುತ್ತಿದ್ದುದು ಜಾತಿ ನೋಡಿ. ಹಾಸ್ಟೆಲುಗಳ ಹೆಸರಿನಲ್ಲೇ ಬಹುಪಾಲು ಜಾತಿ ಇತ್ತು, ಈಗಲೂ ಇದೆ. 1917ರಲ್ಲಿ ಅಂಬೇಡ್ಕರ್ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಆ ಊರಿನಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ತಂಗಿದರು. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಗೆಳೆಯರಿಬ್ಬರ ಮನೆಯಲ್ಲೂ ಜಾಗ ಸಿಗದೆ, ರೈಲಿನ ಹೊತ್ತಾಗುವ ತನಕ ಊರಿನ ಸಾರ್ವಜನಿಕ ಉದ್ಯಾನದಲ್ಲಿ ಕೂತು ಮುಂಬಯಿಗೆ ಮರಳಿದರು. ನೂರು ವರ್ಷ ಕಳೆದಿದೆ. ಇವತ್ತು ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಓನರ್ ಕೇಳುವ ಮೊದಲ ಪ್ರಶ್ನೆ ‘ವೆಜ್ಜಾ, ನಾನ್‌ವೆಜ್ಜಾ?’ ಅದರ ಹಿಂದಿರುವ ಪ್ರಶ್ನೆ ಯಾವುದೆಂದು ಇಬ್ಬರಿಗೂ ಗೊತ್ತು. ಹೊಸ ಊರು ಎಲ್ಲರಿಗೂ ಒಂದೇ ಥರ ಹೊಸದಲ್ಲ. ಕೆಲವರಿಗೆ ಬಂದಿಳಿದ ದಿನವೇ ಮಠ, ಸಂಘ, ದೂರದ ಚಿಕ್ಕಪ್ಪ ಇರುತ್ತಾರೆ. ಕೆಲವರಿಗೆ ಊರು ಬಿಟ್ಟು ಬಂದದ್ದೇ ಅವರೆಲ್ಲರ ಕಣ್ಣು ತಪ್ಪಿಸಲು.

ಹಾಗಾದರೆ ಕಟ್ಟಿಕೊಂಡವರು ಹೇಗೆ ಕಟ್ಟಿಕೊಂಡರು? ಕನ್ನಡಿಗರ ಮಟ್ಟಿಗೆ ಮುಂಬಯಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹನ್ನೆರಡು, ಹದಿಮೂರು ವಯಸ್ಸಿನ ಹುಡುಗರು ಹೋಟೆಲು ಕೆಲಸಕ್ಕೆಂದು ಹಡಗು ಹತ್ತಿ ಹೋದರು. ಹಗಲು ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕೋರ್ಟು, ಕಾಲೇಜು ಸೇರಿದವರು ಬಹಳ. 1926ರಲ್ಲಿ ಮೈಸೂರು ಅಸೋಸಿಯೇಷನ್ ಬಂತು, 1933ರಲ್ಲಿ ಕರ್ನಾಟಕ ಸಂಘ. 1942ರಲ್ಲಿ ಮಾಟುಂಗಾ ಸ್ಟೇಷನ್ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾಯಿತು. ನಾಟಕದ ತಾಲೀಮು, ಯಕ್ಷಗಾನ, ಶನಿವಾರದ ಭಜನೆ ಜೊತೆಗೆ ನಡೆಯುತ್ತಲೇ ಇದ್ದವು. ಇವರಾರೂ ಗೆಳೆಯರನ್ನು ಮಾಡಿಕೊಳ್ಳೋಣ ಎಂದು ಸೇರಿದವರಲ್ಲ. ಪಾಠ ಕಲಿಯಲು, ಊಟ ಮಾಡಲು, ವೇಷ ಕಟ್ಟಲು ಸೇರಿದವರು. ವಾರವಾರವೂ ಬರಲೇಬೇಕಾದ ಕಾರಣವೊಂದಿತ್ತು, ಗೆಳೆತನ ಅದರ ಬೆನ್ನಿಗೆ ಬಂತು. ಬಾರದಿದ್ದರೆ ‘ಯಾಕೋ ಬರಲಿಲ್ಲ ನಿನ್ನೆ?’ ಎಂದು ಕೇಳುವ ಮೇಷ್ಟ್ರು ಒಬ್ಬರಿದ್ದರು.

ಆ ಕೊನೆಯ ಮಾತಿನಲ್ಲೇ ಎಲ್ಲ ಇದೆ ಎಂದು ನನಗನ್ನಿಸುತ್ತದೆ. ನೀವು ಬಾರದ ದಿನ ಯಾರಿಗಾದರೂ ಗೊತ್ತಾಗುವ ಒಂದು ಜಾಗ ಬೇಕು. ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ ಬಂದರೆ ಮುನ್ನೂರು ಜನರ ನಡುವೆ ಕೂತು ಬಂದಂತಾಯಿತು, ಅಷ್ಟೇ. ಆ ಮುನ್ನೂರು ಜನ ಮತ್ತೆ ಅದೇ ಸಾಲಿನಲ್ಲಿ ಸಿಗುವುದಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡುವವರಿಗಿಂತ, ಸಣ್ಣದೊಂದು ತಂಡ ಸೇರಿ ಪರದೆ ಎಳೆಯುವವರಿಗೆ, ಲೈಟು ಹೊರುವವರಿಗೆ ಬೇಗ ಬಳಗ ಸಿಗುತ್ತದೆ. ನಟನೆ ಬಾರದಿದ್ದರೂ ಚಿಂತೆಯಿಲ್ಲ. ತಾಲೀಮಿನ ಹೊತ್ತಿಗೆ ಚಹಾ ತರುವವನನ್ನು ಯಾವ ತಂಡವೂ ಬಿಟ್ಟುಕೊಡುವುದಿಲ್ಲ.

ಮಾತು ಬಾರದವರು ಏನು ಮಾಡಬೇಕು? ಬೆಂಗಳೂರು ಇದಕ್ಕೆ ಎರಡು ಸೊಗಸಾದ ಉತ್ತರ ಕೊಟ್ಟಿದೆ. ಒಂದು, 2010ರ ಸುಮಾರಿಗೆ ಚರ್ಚ್ ಸ್ಟ್ರೀಟಿನಲ್ಲಿ ಕಾಣಿಸಿಕೊಂಡ ‘ಅಗ್ಲಿ ಇಂಡಿಯನ್’ ಬಳಗ. ಕಸ ಸುರಿದ ಮೂಲೆಯೊಂದನ್ನು ಆರಿಸಿಕೊಂಡು, ಬೆಳಿಗ್ಗೆ ಗುದ್ದಲಿ, ಬಣ್ಣದ ಡಬ್ಬಿ ಹಿಡಿದು ಬಂದು, ಗುಡಿಸಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ ಇಟ್ಟು ಹೋಗುವುದು. ನಾಯಕರಿಲ್ಲ, ಹೆಸರು ಹೇಳಿಕೊಳ್ಳುವುದಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಎನ್ನುವುದೇ ಅವರ ಘೋಷಣೆ. ಇನ್ನೊಂದು, 2023ರ ಆರಂಭದ ಹೊತ್ತಿಗೆ ಹರ್ಷ್ ಸ್ನೇಹಾಂಶು ಮತ್ತು ಶ್ರುತಿ ಸಾಹ್ ಶುರುಮಾಡಿದ ‘ಕಬ್ಬನ್ ರೀಡ್ಸ್’. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಪುಸ್ತಕ, ಚಾಪೆ ತೆಗೆದುಕೊಂಡು ಬಂದು ಮರದಡಿ ಸುಮ್ಮನೆ ಓದುವುದು. ಸದಸ್ಯತ್ವವಿಲ್ಲ, ಚರ್ಚೆಯಿಲ್ಲ, ಪರಿಚಯ ಹೇಳಿಕೊಳ್ಳಬೇಕಾದ ಸಂಕಟವೂ ಇಲ್ಲ. ಇಬ್ಬರಿಂದ ಶುರುವಾದದ್ದು ನೂರಾರು ಜನರಿಗೆ ಹಬ್ಬಿ, ಬೇರೆ ಊರುಗಳ ಪಾರ್ಕುಗಳಿಗೂ ಹರಡಿತು. ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ಸಲೀಸಾದ ಬಾಗಿಲು ಸಿಗಲಾರದು. ಪಕ್ಕದ ಚಾಪೆಯವರು ನಾಲ್ಕು ವಾರ ಒಂದೇ ದಪ್ಪ ಪುಸ್ತಕ ಹಿಡಿದು ಕೂತಿದ್ದರೆ ಐದನೇ ವಾರ ‘ಇನ್ನೂ ಮುಗಿದಿಲ್ವಾ?’ ಎಂದು ಕೇಳಲು ಯಾವ ಪೀಠಿಕೆಯೂ ಬೇಕಿಲ್ಲ.

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯದ್ದೂ ಇಂಥದೇ ಕಥೆ. ಕೆರೆ ಒಣಗಿ, ಕಟ್ಟಡದ ಅವಶೇಷ ಸುರಿಯುವ ಜಾಗವಾಗುತ್ತಿದ್ದಾಗ ಸುತ್ತಲಿನ ನಿವಾಸಿಗಳು ಸೇರಿ 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ನೀರು ಬಂತು, ಹಕ್ಕಿಗಳು ಬಂದವು. ಹೂಳು, ಜೊಂಡು, ಅನುದಾನ ಎಂದು ಓಡಾಡುತ್ತಲೇ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯಿತು. ಎಲ್ಲ ಬಡಾವಣೆಗೂ ಕೆರೆ ಇರುವುದಿಲ್ಲ ನಿಜ, ಆದರೆ ಎಲ್ಲ ಬಡಾವಣೆಗೂ ಒಂದು ಕಸದ ಮೂಲೆ ಇದ್ದೇ ಇದೆ.

ನಮ್ಮ ರಸ್ತೆಯ ಕೊನೆಯಲ್ಲಿ ತಗಡಿನ ಸೂರಿನ ಬ್ಯಾಡ್ಮಿಂಟನ್ ಕೋರ್ಟ್ ಇದೆ. ಬೆಳಿಗ್ಗೆ ಆರಕ್ಕೆ ಬರುವ ಗುಂಪಿನಲ್ಲಿ ಒಬ್ಬ ಔಷಧಿ ಅಂಗಡಿಯವ, ಒಬ್ಬ ನಿವೃತ್ತ ಕಂಡಕ್ಟರ್, ಬಳ್ಳಾರಿಯಿಂದ ಬಂದ ಸಾಫ್ಟ್‌ವೇರ್ ಹುಡುಗ, ಒಡಿಶಾದ ಇನ್ನೊಬ್ಬ. ಈ ಕೊನೆಯವನಿಗೆ ಕನ್ನಡ ಬರುತ್ತಿರಲಿಲ್ಲ, ಕಂಡಕ್ಟರಿಗೆ ಹಿಂದಿ ಬರುತ್ತಿರಲಿಲ್ಲ. ಮೊದಲು ಇಬ್ಬರ ನಡುವೆ ಇದ್ದದ್ದು ‘ಲವ್ ಆಲ್’, ‘ಔಟ್’, ‘ಸಾರಿ’ ಎಂಬ ಮೂರೇ ಮಾತು. ಆಮೇಲೆ ಶಟಲ್ ಡಬ್ಬಿಯ ಖರ್ಚು ಹಂಚಿಕೊಳ್ಳುವ ಲೆಕ್ಕ ಬಂತು, ಅದರೊಂದಿಗೆ ‘ನಾಳೆ’, ‘ಕೊಡ್ತೀನಿ’, ‘ಚಿಲ್ಲರೆ ಇಲ್ಲ’ ಬಂದವು. ಈಗ ಅವನು ತಪ್ಪು ಹೊಡೆದಾಗ ತನ್ನನ್ನು ತಾನೇ ಬೈದುಕೊಳ್ಳುವುದು ಅಪ್ಪಟ ಬೆಂಗಳೂರು ಕನ್ನಡದಲ್ಲಿ, ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಹೊರಗಿನಿಂದ ಬಂದವರು ಕನ್ನಡ ಕಲಿಯುತ್ತಿಲ್ಲ ಎಂದು ಗೋಳಾಡುವವರು ಅವರಿಗೆ ತಿದ್ದಲು, ನಗಲು ಯಾರಾದರೂ ಸಿಕ್ಕಿದ್ದಾರೆಯೇ ಎಂದೂ ನೋಡಬೇಕು. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ ಆಡಿದರೂ ವರ್ಷಕ್ಕೆ 150 ಗಂಟೆ ದಾಟುತ್ತದೆ. ಹಾಲ್ ಅವರ ಲೆಕ್ಕದಲ್ಲಿ ಇದು ಸ್ನೇಹಿತರಾಗಿ, ಆಪ್ತರಾಗುವ ದಾರಿಯಲ್ಲಿ ಬಹುದೂರ ಬಂದಂತೆ.

ಆಟ ಮುಗಿದ ಮೇಲೆ ಅವರು ಹೋಗುವುದು ಪಕ್ಕದ ದರ್ಶಿನಿಗೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರು ತುಂಬ ಹಬ್ಬಿದ ಈ ನಿಂತು ತಿನ್ನುವ ಹೋಟೆಲುಗಳು ಗಿರಾಕಿ ಬೇಗ ಜಾಗ ಖಾಲಿ ಮಾಡಲಿ ಎಂದೇ ರೂಪುಗೊಂಡವು. ಸ್ವಚ್ಛ, ಅಗ್ಗ, ಬಿಸಿಬಿಸಿ, ಹೊರಡಿ. ಒಬ್ಬಂಟಿ ಮನುಷ್ಯ ಮೂರು ಹೊತ್ತೂ ದರ್ಶಿನಿಯಲ್ಲಿ ತಿಂದರೂ ಯಾರೊಂದಿಗೂ ಒಂದು ಮಾತಾಡದೆ ವರ್ಷ ಕಳೆಯಬಹುದು. ಟೋಕನ್ನಿನವನೂ ಈಗ ಕ್ಯೂಆರ್ ಕೋಡ್ ತೋರಿಸುತ್ತಾನೆ. ಆದರೂ ಅದೇ ದರ್ಶಿನಿಯಲ್ಲಿ ಬೈಟು ಕಾಫಿ ಎಂಬುದೊಂದು ಉಳಿದುಕೊಂಡಿದೆ. ಒಂದು ಕಾಫಿಯ ದುಡ್ಡು, ಎರಡು ಪುಟ್ಟ ಲೋಟ. ಒಬ್ಬನೇ ನಿಂತು ಬೈಟು ಹೇಳಲು ಬರುವುದಿಲ್ಲವಾದ್ದರಿಂದ ಕುಡಿಯಲು ಇನ್ನೊಬ್ಬ ಬೇಕೇ ಬೇಕು. ಪರಿಚಯ ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ‘ಬೈಟು ಹೊಡೆಯೋಣ್ವಾ?’ ಎಂಬಷ್ಟು ಚಿಕ್ಕ ಕರೆ ಸಾಕು. ಮನೆಗೆ ಊಟಕ್ಕೆ ಬನ್ನಿ ಎಂದರೆ ಇಬ್ಬರಿಗೂ ಭಾರ. ಹತ್ತು ನಿಮಿಷದ ಕಾಫಿಗೆ ಯಾರೂ ಇಲ್ಲವೆನ್ನುವುದಿಲ್ಲ, ಎಂದರೂ ಬೇಸರವಿಲ್ಲ.

ಕರೆಯುವುದರಲ್ಲೇ ಬಹಳ ಮಂದಿ ಸೋಲುವುದು. ಎರಿಕಾ ಬೂತ್‌ಬಿ ಮತ್ತು ಜೊತೆಯ ಮನೋವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಬ್ಬರನ್ನು ಮಾತಾಡಲು ಬಿಟ್ಟು ಆಮೇಲೆ ಪ್ರತ್ಯೇಕವಾಗಿ ಕೇಳಿದರು: ಅವರು ನಿಮಗೆ ಹಿಡಿಸಿದರೇ, ನೀವು ಅವರಿಗೆ ಹಿಡಿಸಿದಿರಾ? ಬಹುಪಾಲು ಮಂದಿ, ತಾವು ಎದುರಿನವರಿಗೆ ಎಷ್ಟು ಹಿಡಿಸಿದ್ದೇವೆ ಎಂಬುದನ್ನು ಇರುವುದಕ್ಕಿಂತ ಕಡಿಮೆಯೆಂದೇ ಎಣಿಸಿದ್ದರು. ಇಬ್ಬರೂ ಮನೆಗೆ ಹೋಗಿ ‘ಅಯ್ಯೋ, ಏನೇನೋ ಮಾತಾಡಿದೆ, ಏನಂದುಕೊಂಡರೋ’ ಎಂದು ಹಲುಬಿಕೊಂಡರೆ ಎರಡನೇ ಭೇಟಿ ಆಗುವುದಾದರೂ ಹೇಗೆ? ನಮ್ಮಲ್ಲಿ ಇದಕ್ಕೆ ಬಿಗುಮಾನವೂ ಸೇರಿಕೊಳ್ಳುತ್ತದೆ. ಅವರೇ ಕರೆಯಲಿ, ನಾನ್ಯಾಕೆ ಮೇಲೆ ಬಿದ್ದು ಹೋಗಲಿ ಎಂದು. ಮೇಲೆ ಬಿದ್ದು ಹೋಗಿ. ಒಂದು ಸಲ ಕರೆದು ಬಾರದಿದ್ದರೆ ಇನ್ನೊಂದು ಸಲ ಕರೆಯಿರಿ. ಮೂರನೇ ಸಲವೂ ಬಾರದಿದ್ದರೆ ಬಿಟ್ಟುಬಿಡಿ.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರ ಪಾಡು ಪಿಜಿಯ ಒಂಟಿತನಕ್ಕೆ ತದ್ವಿರುದ್ಧ. ಮೇಸ್ತ್ರಿಯ ಬೆನ್ನಿಗೆ ಅರ್ಧ ಊರೇ ಬಂದಿರುತ್ತದೆ. ಪಕ್ಕದ ಶೆಡ್ಡಿನಲ್ಲಿ ಕಾಕಾ, ಎದುರಿಗೆ ಅತ್ತೆಮ್ಮ. ಒಂಟಿತನ ಕಾಡದು. ಆದರೆ ಶೆಡ್ಡಿನಾಚೆ ಒಬ್ಬರ ಪರಿಚಯವೂ ಇರುವುದಿಲ್ಲ. ಮಗುವನ್ನು ಯಾವ ಶಾಲೆಗೆ ಹಾಕಬೇಕು, ಕೂಲಿ ಬಾಕಿ ಉಳಿಸಿಕೊಂಡ ಕಂಟ್ರಾಕ್ಟರನ ಮೇಲೆ ಎಲ್ಲಿ ದೂರು ಕೊಡಬೇಕು, ಹೇಳುವವರಿಲ್ಲ. ಹೊಸ ಕೆಲಸದ ಸುದ್ದಿ ಜನರಿಗೆ ತಲುಪುವುದು ಹೆಚ್ಚಾಗಿ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಿತರಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಬೇರೆ ಬೀದಿಯವನೊಬ್ಬ ಬೇಕು. ಹಾಗಾಗಿ ಹಾಲಿನ ಬೂತಿನವಳು, ಆಟೋ ಸ್ಟ್ಯಾಂಡಿನ ಚಾಲಕ, ಲೈಬ್ರರಿಯ ಗುಮಾಸ್ತ ಇವರನ್ನೆಲ್ಲ ಸ್ನೇಹಿತರಲ್ಲವೆಂದು ಲೆಕ್ಕದಿಂದ ತೆಗೆಯಬೇಡಿ.

ಊರು ಬದಲಿಸುವವರೆಲ್ಲ ಎಳೆಯರು ಎಂದುಕೊಳ್ಳುವುದೂ ತಪ್ಪು. ಹಾಸನದಲ್ಲೋ ದಾವಣಗೆರೆಯಲ್ಲೋ ನಲವತ್ತು ವರ್ಷ ಒಂದೇ ಬೀದಿಯಲ್ಲಿದ್ದು, ಎಲ್ಲರ ಮನೆಯ ಮದುವೆ ಮುಂಜಿಗೆ ಓಡಾಡಿದವರು, ಎಪ್ಪತ್ತರ ಹೊತ್ತಿಗೆ ಮಗನ ಹದಿನಾಲ್ಕನೇ ಮಹಡಿಗೆ ಬರುತ್ತಾರೆ. ಬಾಲ್ಕನಿಯಲ್ಲಿ ನಿಂತರೆ ಕೆಳಗೆ ಜನ ಇರುವೆಯಂತೆ. ಇವರ ಬೇಸರದ ಬಗ್ಗೆ ಮರುಕ ಪಡುವುದು ಸುಲಭ, ಆದರೆ ಇವರಲ್ಲಿ ಹಲವರು ಮಗ ಸೊಸೆಯರಿಗಿಂತ ಬೇಗ ಬಳಗ ಕಟ್ಟಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಗುಟ್ಟೇನಿಲ್ಲ. ಬೆಳಿಗ್ಗೆ ಎಂಟಕ್ಕೆ ಮೊಮ್ಮಗನನ್ನು ಸ್ಕೂಲ್ ಬಸ್ಸಿಗೆ ಬಿಡಲು ಗೇಟಿಗೆ ಇಳಿಯುತ್ತಾರೆ, ಮಧ್ಯಾಹ್ನ ಕರೆತರಲು ಮತ್ತೆ ಇಳಿಯುತ್ತಾರೆ. ದಿನವೂ ಅದೇ ಗೇಟು, ಅದೇ ಹೊತ್ತು, ಅದೇ ಮುಖಗಳು, ಬಸ್ಸು ಬರುವವರೆಗೆ ಬೇರೆ ಕೆಲಸವಿಲ್ಲ. ಒಬ್ಬ ಅಜ್ಜಿ ತಮಿಳಿನವರು, ಒಬ್ಬ ತಾತ ತೆಲುಗಿನವರು, ಇನ್ನೊಬ್ಬರು ದಾವಣಗೆರೆಯ ಅಮ್ಮ. ಮೊಣಕಾಲು ನೋವಿಗೆ ಭಾಷೆ ಬೇಡ. ಮೊಣಕಾಲಿಂದ ಮಾತು ಕರಿಬೇವಿಗೆ ಹೋಗುತ್ತದೆ, ಕರಿಬೇವಿನಿಂದ ಸೊಸೆಯಂದಿರಿಗೆ. ಮರುದಿನ ಒಂದು ಡಬ್ಬಿ ಈ ಮನೆಯಿಂದ ಆ ಮನೆಗೆ ಹೋಗುತ್ತದೆ, ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಆ ಮನೆಯಿಂದ ಇನ್ನೇನೋ ತುಂಬಿ ಬರುತ್ತದೆ. ಆಮೇಲೆ ಅದಕ್ಕೆ ಕೊನೆಯೇ ಇಲ್ಲ.

ಶಾಲೆಗೆ ಹೋಗುವ ಮೊಮ್ಮಕ್ಕಳಿಲ್ಲದ, ಬ್ಯಾಡ್ಮಿಂಟನ್ ಬಾರದ, ಪುಸ್ತಕ ಕಂಡರೆ ನಿದ್ದೆ ಬರುವವರಿಗೂ ಒಂದು ದಾರಿಯಿದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ರಸ್ತೆಯಲ್ಲೋ ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ ಒಂದು ಸಮಿತಿ ಇರುತ್ತದೆ. ಅದರಲ್ಲಿ ಅಧ್ಯಕ್ಷರಾಗಲು ನಾಲ್ಕು ಜನ ತಯಾರಿರುತ್ತಾರೆ, ಸಾಂಸ್ಕೃತಿಕ ಕಾರ್ಯದರ್ಶಿಯಾಗಲು ಏಳು ಜನ. ಖಜಾಂಚಿಯಾಗಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ಕೈ ಎತ್ತಿ. ರಸೀದಿ ಪುಸ್ತಕ ಹಿಡಿದು ಮನೆಮನೆಯ ಬೆಲ್ ಒತ್ತಬೇಕಾಗುತ್ತದೆ, ಪೆಂಡಾಲಿನವನ ಜೊತೆ ಚೌಕಾಸಿ, ಹೂವಿನವಳ ಬಾಕಿ, ‘ಹೋದ ವರ್ಷ ಇನ್ನೂರೇ ಕೊಟ್ಟಿದ್ದು’ ಎಂಬ ವಾದ. ಹಬ್ಬ ಮುಗಿಯುವ ಹೊತ್ತಿಗೆ ರಸ್ತೆಯಲ್ಲಿ ನಿಮ್ಮ ಹೆಸರು ಗೊತ್ತಿಲ್ಲದವರು ಇರುವುದಿಲ್ಲ. ಚಂದಾ ಬಾಕಿ ಇರುವ ಕೆಲವರು ನಿಮ್ಮನ್ನು ಕಂಡು ಬೇರೆ ಲಿಫ್ಟು ಹಿಡಿಯುತ್ತಾರೆ, ಅವರೂ ಮುಂದಿನ ತಿಂಗಳಿಗೆ ಸರಿಹೋಗುತ್ತಾರೆ.